ಅಮೀನಪ್ಪನ ಗಾಡಿಯ ಫ್ಲೈವೀಲ್

ಗೋವಿಂದರಾಜನಗರ, ಬೆಂಗಳೂರು
8 ಜನವರಿ 2024

ಸೋಮಲಿಂಗ,

ಇಲ್ಲಿ ಎಲ್ಲರೂ ನೆಟ್ಟಗಿದ್ದೇವೆ, ನನ್ನ ಸಿಟ್ಟೊಂದು ಬಿಟ್ಟು. ಹದಿನಾಲ್ಕು ಸಲ ಫೋನ್ ಮಾಡಿದೆ. ಹದಿನಾಲ್ಕು ಸಲವೂ ಅದು ಹೊಡೆದುಕೊಂಡು ಹೊಡೆದುಕೊಂಡು ಸುಮ್ಮನಾಯಿತು. ಹದಿನೈದನೇ ಸಲಕ್ಕೆ ನಮ್ಮ ಮನೆಯಾಕೆ ಮುನಿತಾಯಮ್ಮ ನನ್ನ ಕೈಯಿಂದ ಫೋನು ಕಿತ್ತುಕೊಂಡು, "ಅಣ್ಣಂಗೆ ಕಾಗದ ಬರೀರಿ. ಕಾಗದ ಬಂದ್ರೆ ಮನುಷ್ಯ ಒಡೆದು ನೋಡೇ ನೋಡ್ತಾನೆ" ಅಂದಳು. ಅದಕ್ಕೇ ನಮ್ಮ ಗ್ಯಾರೇಜಿನ ಜಾಬ್ ಕಾರ್ಡಿನ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ. ಗ್ರೀಸ್ ಕಲೆ ಕಂಡರೆ ಮೂಗು ಮುರಿಯಬೇಡ. ಇಪ್ಪತ್ತಾರು ವರ್ಷ ನಾವಿಬ್ಬರೂ ಈ ಗ್ರೀಸಿನ ಕೈಯಲ್ಲೇ ಅನ್ನ ತಿಂದಿದ್ದೇವೆ.

"ಅಕ್ಕನ ಮನೇಲಿ ಎರಡು ದಿನ ಇದ್ದು ಬರ್ತೀನಿ" ಎಂದು ಮುಂಡರಗಿಗೆ ಹೋದವನು ನೀನು. ಒಂದು ತಿಂಗಳಾಯಿತು. ಏನಾಯಿತು ಎಂದು ನಿನಗೂ ಗೊತ್ತು, ನನಗೂ ಗೊತ್ತು. ಆದರೂ ಬರೆಯುತ್ತೇನೆ, ಯಾಕೆಂದರೆ ದಿನಾ ಅದನ್ನೇ ಜಗಿಯುತ್ತಿದ್ದೇನೆ. ಅಮೀನಪ್ಪ ತನ್ನ ಶಾಮಿಯಾನದ ಟೆಂಪೋ ತಂದ. ನ್ಯೂಟ್ರಲ್‌ನಲ್ಲಿ ನಿಂತಾಗ ಸದ್ದು, ಕ್ಲಚ್ ಒತ್ತಿದರೆ ಸದ್ದು ಮಾಯ. ನೀನು ಎಂದಿನಂತೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ ಮೇಲಿಟ್ಟು, ಹಿಡಿಗೆ ಕಿವಿ ಕೊಟ್ಟು, "ಗೇರ್‌ಬಾಕ್ಸ್ ಬೇರಿಂಗ್" ಅಂದೆ. ನಾನು ಬಿಚ್ಚಿದೆ, ಬೇರಿಂಗ್ ಬದಲಾಯಿಸಿದೆ, ಮುಚ್ಚಿದೆ. ನಮ್ಮ ಗ್ಯಾರೇಜಿನ ಕಟ್ಟಳೆಯೇ ಅದು: ನಿನ್ನ ಕಿವಿ ಹೇಳಿದ ಮೇಲೆ ನನ್ನ ಕೈ ಎರಡನೇ ಮಾತಾಡುವ ಹಾಗಿಲ್ಲ. ಹನ್ನೆರಡು ದಿನಕ್ಕೆ ಕೆಂಗೇರಿ ಹತ್ತಿರದ ಏರಿನಲ್ಲಿ ಫ್ಲೈವೀಲನ್ನು ಎಂಜಿನ್ನಿಗೆ ಹಿಡಿದಿಟ್ಟಿದ್ದ ಆರೂ ಬೋಲ್ಟು ಕತ್ತರಿಸಿಕೊಂಡು ಹೋದವು. ಎಂಜಿನ್ ಒಂದೇ ಸಮ ಕೂಗುತ್ತಿದೆ, ಚಕ್ರಕ್ಕೆ ಶಕ್ತಿ ಇಲ್ಲ. ಗಾಡಿ ಹಿಂದಕ್ಕೆ ಜಾರಿ ಮೋರಿ ಕಟ್ಟೆಗೆ ತಗುಲಿ ನಿಂತಿತು. ನೂರಿಪ್ಪತ್ತು ಪ್ಲಾಸ್ಟಿಕ್ ಕುರ್ಚಿ ರಸ್ತೆಗೆ ಬಿದ್ದವು, ಅಮೀನಪ್ಪನ ಎಡ ಮಣಿಕಟ್ಟು ಮುರಿಯಿತು. ಅವನು ಕಟ್ಟು ಹಾಕಿಸಿಕೊಂಡು ಬಂದು ನಮ್ಮ ಮುಂದೆ ನಿಂತಾಗ, ಅವನೆದುರಿಗೇ ನಾನು ನಿನಗೆ ಆ ಮಾತಂದೆ. "ನಿಂಗೆ ಕಿವಿ ಇದ್ಯೋ ಇಲ್ವೋ?" ಮಾರನೇ ದಿನ ನೀನು ಬಸ್ ಹತ್ತಿದೆ.

ಒಂದು ಮಾತಿಗೆ ಇಷ್ಟು ಮುನಿಸಾ? ನಾನು ಬಾಯಿ ಹರಿಬಿಡುವವನು ಎಂಬುದು ನಿನಗೆ ಹೊಸದಾ?

ಈಗ ವಿಷಯ ಕೇಳು. ಬೇರೆ ಫ್ಲೈವೀಲ್ ತಂದು ಹಾಕಿದ್ದೇನೆ. ಬೋಲ್ಟುಗಳೆಲ್ಲ ಹೊಸವು. ಎದುರುಬದುರು ಬಿಗಿದಿದ್ದೇನೆ, ಟಾರ್ಕ್ ರೆಂಚ್ ಹಿಡಿದು ಬಿಗಿತವನ್ನು ಎರಡೆರಡು ಸಲ ನೋಡಿದ್ದೇನೆ. ಆದರೂ ಆ ಹಾಳಾದ ಸದ್ದು ಮತ್ತೆ ಬಂದಿದೆ. ನ್ಯೂಟ್ರಲ್‌ನಲ್ಲಿ ಇರುತ್ತದೆ, ಕ್ಲಚ್ ಒತ್ತಿದರೆ ಹೋಗುತ್ತದೆ. ಗಾಡಿಯನ್ನು ಹೊರಗೆ ಬಿಡಲು ನನಗೆ ಧೈರ್ಯವಿಲ್ಲ. ಇನ್ನೊಂದು ಸಲ ಅವನು ಏರಿನಲ್ಲಿ ಹಿಂದಕ್ಕೆ ಜಾರಿದರೆ ನಾನು ಬದುಕಿರಲಾರೆ. ಅಮೀನಪ್ಪನದೂ ಒಂದೇ ಹಟ: "ಸೋಮಲಿಂಗಪ್ಪೋರು ನೋಡಿ ಸರಿ ಅಂದ್ರೆ ಮಾತ್ರ ಗಾಡಿ ತಗೋತೀನಿ. ಒಂದ್ಸಲ ತಪ್ಪಿದ್ರು ಅಂತ ಬಿಟ್ಬಿಡಕ್ಕಾಗುತ್ತಾ?"

ನಿನ್ನ ಸ್ಟೂಲು ಶಟರ್ ಪಕ್ಕದಲ್ಲೇ ಇದೆ. ಯಾರನ್ನೂ ಕೂರಲು ಬಿಟ್ಟಿಲ್ಲ. ಮೂರು ವರ್ಷ ದೊಡ್ಡವನು ಎಂದು ಮೊದಲ ದಿನವೇ ನನ್ನಿಂದ ಅಣ್ಣ ಅನ್ನಿಸಿಕೊಳ್ಳಲು ನೋಡಿದೆ, ನಾನು ಅನ್ನಲಿಲ್ಲ. ಇವತ್ತೂ ಅನ್ನುವುದಿಲ್ಲ. ಆದರೆ ಬಾ ಎಂದು ಕರೆಯುತ್ತಿದ್ದೇನೆ. ಅದು ಸಾಲದಾ?

ಹನುಮಂತಯ್ಯ


ಮುಂಡರಗಿ
14 ಜನವರಿ 2024

ಪ್ರೀತಿಯ ಹನುಮಂತ,

ಕಾಗದ ಮುಟ್ಟಿತು. ಗ್ರೀಸೂ ಮುಟ್ಟಿತು, ಅಕ್ಕ ಭಾಗವ್ವನ ಹೊಸ ಸೀರೆಗೆ ಹತ್ತಿ, ನಿನ್ನ ಪಾಲಿನ ಬೈಗುಳವನ್ನೂ ನಾನೇ ತಿಂದೆ. ಈಗ ಹಬ್ಬದ ಸಜ್ಜೆ ರೊಟ್ಟಿ ತಿನ್ನುತ್ತ ಬರೆಯುತ್ತಿದ್ದೇನೆ. ಆರೋಗ್ಯವಾಗಿದ್ದೇನೆ. ಇಲ್ಲಿ ಫೋನಿಗೆ ಸಿಗ್ನಲ್ ಸರಿಯಾಗಿ ಬರುವುದಿಲ್ಲ, ಅದಕ್ಕೇ ಎತ್ತಲಾಗಲಿಲ್ಲ. ಬೇರೆ ಅರ್ಥ ಮಾಡಿಕೊಳ್ಳಬೇಡ. ನಿನ್ನ ಮೇಲೆ ನನಗೆ ಸಿಟ್ಟಿಲ್ಲ.

ಬರಲು ಮಾತ್ರ ಹೇಳಬೇಡ. ನನ್ನ ಮಾತು ನಂಬಿದ್ದಕ್ಕೆ ಒಬ್ಬನ ಕೈ ಮುರಿಯಿತು. ಏರು ಇನ್ನೂ ಸ್ವಲ್ಪ ಕಡಿದಾಗಿದ್ದಿದ್ದರೆ ಏನಾಗುತ್ತಿತ್ತು ಎಂದು ದಿನಾ ನೆನೆಸುತ್ತೇನೆ. ಊರು ಬಹಳ ಶಾಂತವಾಗಿದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದು ಸದ್ದಿಲ್ಲ. ಇಲ್ಲೇ ಇದ್ದುಬಿಡುತ್ತೇನೆ.

ಮನೆಗೆ ಅಂಟಿಕೊಂಡಂತೆ ಒಂದು ಹಿಟ್ಟಿನ ಗಿರಣಿ ಇದೆ. ಕರೆಂಟು ಹೋದಾಗ ಅವರು ಅಜ್ಜನ ಕಾಲದ ಡೀಸೆಲ್ ಎಂಜಿನ್ ಹಾಕುತ್ತಾರೆ. ಒಂದೇ ಸಿಲಿಂಡರ್, ಎರಡು ಬದಿಗೂ ಎತ್ತಿನ ಗಾಡಿಯ ಚಕ್ರದಷ್ಟು ದೊಡ್ಡ ಫ್ಲೈವೀಲ್. ಎರಡು ಸುತ್ತು ತಿರುಗುವಷ್ಟರಲ್ಲಿ ಒಂದೇ ಸಲ ಎಂಜಿನ್ ತಳ್ಳುತ್ತದೆ. ಉಳಿದ ಹೊತ್ತೆಲ್ಲ ಅದನ್ನು ನಿಲ್ಲದಂತೆ ತಿರುಗಿಸಿಕೊಂಡು ಹೋಗುವುದು ಆ ಕಬ್ಬಿಣದ ಭಾರ. ನಾವಿಬ್ಬರೂ ಎಷ್ಟೋ ನೂರು ಫ್ಲೈವೀಲ್ ಬಿಚ್ಚಿದ್ದೇವೆ, ಆದರೆ ಎಲ್ಲವೂ ಗೂಡಿನೊಳಗೆ ಮುಚ್ಚಿಕೊಂಡಿದ್ದವೇ. ಅದು ಕೆಲಸ ಮಾಡುವುದನ್ನು ಕಣ್ಣಾರೆ ನೋಡುತ್ತಿರುವುದು ಇಲ್ಲೇ. ಎಂಜಿನ್ನಿನ ಬುಡಕ್ಕೆ ಅಂಗೈ ಇಟ್ಟು ಕೂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ.

ಗಾಡಿಯನ್ನು ಈಗಲೇ ಕೊಡಬೇಡ. ಸದ್ದನ್ನು ಬರೆದು ಕಳಿಸು. ನಗಬೇಡ, ನಿಜವಾಗಿ ಹೇಳುತ್ತಿದ್ದೇನೆ. ಅದು ದಪ್ಪಗಿದೆಯೋ ತೆಳ್ಳಗಿದೆಯೋ? ಒಂದೊಂದೇ ಏಟು ಬಿದ್ದ ಹಾಗಿದೆಯೋ, ಒಟ್ಟಿಗೆ ಅಲ್ಲಾಡಿದ ಹಾಗಿದೆಯೋ? ಮುಖ್ಯವಾದದ್ದು ಇದು: ಕೀ ತಿರುಗಿಸಿ ಆಫ್ ಮಾಡಿದಾಗ, ಎಂಜಿನ್ ಪೂರ್ತಿ ನಿಲ್ಲುವ ಕೊನೆಯ ಕ್ಷಣದಲ್ಲಿ ಒಳಗೆ ಒಂದು "ದಬ್" ಬರುತ್ತದೆಯಾ? ಫ್ಲೈವೀಲ್ ಸಡಿಲವಿದ್ದರೆ ಅದು ಬರುತ್ತದೆ, ಬೇರಿಂಗಿಗೆ ಬರುವುದಿಲ್ಲ. ಇಷ್ಟನ್ನು ಮೊದಲೇ ನೋಡಿದ್ದರೆ ಅಮೀನಪ್ಪನ ಕೈ ನೆಟ್ಟಗಿರುತ್ತಿತ್ತು.

ಗಾಡಿ ಸದ್ದು ಮಾತ್ರವಲ್ಲ. ಬೆಳಿಗ್ಗೆ ಶಟರ್ ಎತ್ತುವಾಗ ಏನು ಕೇಳುತ್ತದೆ, ಎದುರಿನ ಇಡ್ಲಿಯವನು ಹೇಗೆ ಕೂಗುತ್ತಾನೆ, ಅದನ್ನೂ ಬರೆ. ತಂಗಿ ಮುನಿತಾಯಮ್ಮನಿಗೆ ನನ್ನ ಆಶೀರ್ವಾದ.

ನಿನಗಿಂತ ಮೂರು ವರ್ಷ ದೊಡ್ಡವನಾದ
ಸೋಮಲಿಂಗಪ್ಪ


ಗೋವಿಂದರಾಜನಗರ
22 ಜನವರಿ 2024

ಸೋಮಲಿಂಗ,

ಗಿರಣಿಯ ಗೋಡೆಗೆ ಅಂಟಿಕೊಂಡು ಕೂತು ಊರು ಶಾಂತವಾಗಿದೆ ಎನ್ನುತ್ತೀಯಲ್ಲ, ನಿನಗೆ ಅಲ್ಲಿ ಎಷ್ಟು ಹಿಡಿಸಿದೆ ಎಂದು ಇದರಲ್ಲೇ ಗೊತ್ತಾಗುತ್ತದೆ. ನಮ್ಮ ಬೆಂಗಳೂರು ಬೇಡವಾಯಿತು. ಇರಲಿ.

ಸದ್ದು ಬರೆಯುವುದು ಎಂದರೆ ಏನು ಗ್ರಹಚಾರ ಕಣಯ್ಯಾ. ಸ್ಕೂಲಿನಲ್ಲಿ ನನಗೆ ಕನ್ನಡದಲ್ಲಿ ಮೂವತ್ತೈದು ಬಂದಿತ್ತು. ಆದರೂ ಗಾಡಿ ಪಕ್ಕದಲ್ಲಿ ಕೂತು ಬರೆದಿದ್ದೇನೆ. ಹಳೆಯದು, ಅಂದರೆ ಬೋಲ್ಟು ಹೋಗುವ ಮೊದಲಿನದು, "ದಡ್... ದಡ್... ದಡ್" ಎಂದು ದಪ್ಪಗಿತ್ತು. ಈಗಿನದು "ಕಟಕಟಕಟಕಟ", ಡಬ್ಬಿಯಲ್ಲಿ ನಾಲ್ಕು ಕಡಲೆಕಾಯಿ ಹಾಕಿ ಅಲ್ಲಾಡಿಸಿದ ಹಾಗೆ. ಆಫ್ ಮಾಡಿ ಹನ್ನೊಂದು ಸಲ ನೋಡಿದೆ. ಕೊನೆಯಲ್ಲಿ ನಿನ್ನ "ದಬ್" ಇಲ್ಲ. ಸುಮ್ಮನೆ ನಿಟ್ಟುಸಿರು ಬಿಟ್ಟು ನಿಲ್ಲುತ್ತದೆ. ನಾನು ಬಗ್ಗಿ ಕೇಳುವುದು, ಬರೆಯುವುದು, ಮತ್ತೆ ಬಗ್ಗುವುದು ನೋಡಿ ಎದುರಿನ ಇಡ್ಲಿಯವನು ಬಂದು "ಯಾಕೆ ಹನುಮಂತಣ್ಣ, ಗಾಡಿ ಏನಾದ್ರೂ ಹೇಳ್ತಾ ಇದ್ಯಾ?" ಎಂದು ಕೇಳಿದ. ಅವನು ಕೂಗುವುದು ನಿನ್ನ ಕಾಲದ ಹಾಗೇ ಇದೆ: "ಬಿಸೀಈಈ ಇಡ್ಲಿ", ಈಈ ಎನ್ನುವಾಗ ಕತ್ತು ಮೇಲಕ್ಕೆ. ಶಟರ್ ಅರ್ಧಕ್ಕೆ ಬಂದು "ಕ್ರ್ಯಾಂವ್" ಅನ್ನುತ್ತದೆ, ಆಮೇಲೆ ಸಲೀಸು. ನೀನಿದ್ದಾಗಲೂ ಹಾಗೇ ಅನ್ನುತ್ತಿತ್ತು. ಇದನ್ನೆಲ್ಲ ಯಾಕೆ ಕೇಳುತ್ತೀಯೋ ಮಾರಾಯ, ಬಂದು ಕೇಳಬಾರದಾ?

ಮುನಿತಾಯಮ್ಮ ಎಳ್ಳು ಬೆಲ್ಲ ಕಟ್ಟಿ ಕಳಿಸಿದ್ದಾಳೆ. ಭಾಗವ್ವನವರಿಗೂ ಕೊಡು. ಅವಳೇ ನನಗೆ ಫೋನಿನಲ್ಲಿ ಸದ್ದು ಹಿಡಿದು ಕಳಿಸುವುದನ್ನು ತೋರಿಸಿಕೊಟ್ಟಳು. ನಾಳೆ ಗಾಡಿಯಲ್ಲಿ ಕೂತು ಹಿಡಿದು ಕಳಿಸುತ್ತೇನೆ. ಸಿಗ್ನಲ್ ಎಲ್ಲಿ ಸಿಗುತ್ತದೋ ಅಲ್ಲಿಗೆ ಹೋಗಿ, ಪೂರ್ತಿ ಕೇಳು. ಅರ್ಧಕ್ಕೆ ಬಿಡಬೇಡ. ಕೇಳಿದ ಮೇಲೆ ಏನನ್ನಿಸಿತೋ ಹಾಗೇ ಬರೆ.

ಹನುಮಂತಯ್ಯ


ಮುಂಡರಗಿ
30 ಜನವರಿ 2024

ಪ್ರೀತಿಯ ಹನುಮಂತ,

ಎಳ್ಳು ಬೆಲ್ಲ ಬಂತು. ಕೊಬ್ಬರಿಯನ್ನು ಅಷ್ಟು ಸಣ್ಣಗೆ ಹೆಚ್ಚುವ ಕೈ ಮುನಿತಾಯಮ್ಮನದೊಂದೇ.

ಫೋನಿಗೆ ಕಳಿಸಿದ್ದೂ ಬಂತು. ಬಸ್ ಸ್ಟ್ಯಾಂಡಿಗೆ ಹೋಗಿ ಮೂರು ಸಲ ಕೇಳಿದೆ. ಚೆನ್ನಾಗಿ ಹಿಡಿದಿದ್ದೀಯ. ಅದರಲ್ಲಿ ಹೊಸದೇನೂ ಇಲ್ಲ, ಮಾಮೂಲಿ ಸದ್ದು. ಅದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡ.

ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ನಿನ್ನ ಕಾಗದ. ಕಡಲೆಕಾಯಿ ಡಬ್ಬಿ ಎಂದು ಬರೆದೆಯಲ್ಲ, ಅಲ್ಲಿಗೇ ರೋಗ ಸಿಕ್ಕಿತು. ಕೊನೆಯಲ್ಲಿ "ದಬ್" ಇಲ್ಲ ಎಂದರೆ ಫ್ಲೈವೀಲ್ ಗಟ್ಟಿಯಾಗಿ ಕೂತಿದೆ, ನಿನ್ನ ಬಿಗಿತ ಸರಿಯಾಗಿದೆ, ಭಯ ಬಿಡು. ಬೋಲ್ಟು ಕತ್ತರಿಸಿದ ದಿನ ಆ ಪೆಟ್ಟೆಲ್ಲ ಕ್ಲಚ್ ಪ್ಲೇಟಿನ ಮೇಲೆ ಬಿದ್ದಿರುತ್ತದೆ. ನೀನು ಹೊಸದರ ಹಾಗೆ ಕಂಡಿತು ಎಂದು ಹಳೇ ಪ್ಲೇಟನ್ನೇ ಹಾಕಿರುತ್ತೀಯ. ಬಿಚ್ಚಿ ಕೈಯಲ್ಲಿ ಹಿಡಿದು, ಪ್ಲೇಟಿನ ನಡುವೆ ಸುತ್ತ ಇರುವ ಸಣ್ಣ ಸ್ಪ್ರಿಂಗುಗಳನ್ನು ಹೆಬ್ಬೆರಳಿನಿಂದ ಒತ್ತು. ಅವು ಗೂಡಿನಲ್ಲಿ ಅಲ್ಲಾಡಿದರೆ ಪ್ಲೇಟ್ ಬದಲಾಯಿಸು, ಸದ್ದು ಹೋಗುತ್ತದೆ. ಇದಕ್ಕೆ ಕಿವಿ ಬೇಡ. ನಿನ್ನ ಕೈಯನ್ನೇ ಕೇಳು.

ಗಾಡಿ ಸರಿಯಾದ ಮೇಲೆ ಅಮೀನಪ್ಪನಿಗೆ ನೀನೇ ಸರಿ ಎಂದು ಹೇಳಿ ಕೊಟ್ಟುಬಿಡು. ನನಗಾಗಿ ಕಾಯಿಸಬೇಡ.

ಸೋಮಲಿಂಗಪ್ಪ


ಗೋವಿಂದರಾಜನಗರ
5 ಫೆಬ್ರವರಿ 2024

ಸೋಮಲಿಂಗಪ್ಪನವರಿಗೆ,

ನೀವು ಹೇಳಿದ್ದು ಸರಿ. ಸ್ಪ್ರಿಂಗುಗಳು ಅಲ್ಲಾಡುತ್ತಿದ್ದವು. ಪ್ಲೇಟ್ ಬದಲಾಯಿಸಿದೆ, ಸದ್ದು ನಿಂತಿತು. ಕೆಲಸದ ವಿಷಯ ಅಲ್ಲಿಗೆ ಮುಗಿಯಿತು.

ಇನ್ನೊಂದು ವಿಷಯ. ಅವತ್ತು ನಾನು ಗಾಡಿ ಸ್ಟಾರ್ಟ್ ಮಾಡಲೇ ಇಲ್ಲ. ಮಾಡೋಣ ಎಂದೇ ಸೀಟಿನಲ್ಲಿ ಕೂತಿದ್ದೆ. ಫೋನಿನಲ್ಲಿ ಕೆಂಪು ದೀಪ ಹತ್ತಿದ್ದು ಕಂಡು, ಕೀ ತಿರುಗಿಸುವ ಬದಲು ಬಾಯಿಬಿಟ್ಟೆ. ಆರು ನಿಮಿಷ ಮಾತಾಡಿದೆ. ಹೆಂಡತಿಯ ಮುಂದೆಯೂ ಆಡದ ಮಾತು. ಕಳಿಸಿದ ಮೇಲೆ ಒಂದು ವಾರ ಸರಿಯಾಗಿ ಊಟ ಸೇರಲಿಲ್ಲ, ನಿನ್ನ ಉತ್ತರದಲ್ಲಿ ಏನಿರುತ್ತದೋ ಎಂದು. ನೀನು ಬರೆದೆ: "ಹೊಸದೇನೂ ಇಲ್ಲ, ಮಾಮೂಲಿ ಸದ್ದು."

ನನ್ನ ಮಾತು ನಿನಗೆ ಮಾಮೂಲಿ ಸದ್ದಾಯಿತಾ? ಮೂರು ಸಲ ಕೇಳಿ ಇಷ್ಟೇ ಅನ್ನಿಸಿತಾ? ಬೈಯಬಹುದಿತ್ತು. ಕ್ಷಮಿಸುವುದಿಲ್ಲ ಎಂದಿದ್ದರೂ ತಡೆದುಕೊಳ್ಳುತ್ತಿದ್ದೆ. ಈ ರೀತಿ ಹಂಗಿಸುವುದನ್ನು ನೀನು ಯಾವಾಗ ಕಲಿತೆ?

ನಿನ್ನ ಸ್ಟೂಲನ್ನು ಅಟ್ಟಕ್ಕೆ ಹಾಕಿದ್ದೇನೆ. ಇನ್ನು ಬರೆಯಬೇಡ, ನಾನೂ ಬರೆಯುವುದಿಲ್ಲ.

ಹನುಮಂತಯ್ಯ


ಮುಂಡರಗಿ
12 ಮಾರ್ಚ್ 2024

ಪ್ರೀತಿಯ ಹನುಮಂತ,

ಬರೆಯಬೇಡ ಎಂದಿದ್ದೀಯ. ನಾಲ್ಕು ಸಲ ಬರೆದು ಹರಿದೆ. ಇದನ್ನು ಹರಿಯುವುದಿಲ್ಲ.

ಆ ಆರು ನಿಮಿಷದಲ್ಲಿ ನೀನು ಏನು ಹೇಳಿದೆಯೋ ನನಗೆ ಗೊತ್ತಿಲ್ಲ. ನನಗೆ ಕಿವಿ ಕೇಳಿಸುವುದಿಲ್ಲ, ಹನುಮಂತ. ಬಸ್ ಸ್ಟ್ಯಾಂಡಿಗೆ ಹೋದದ್ದು ಸುಳ್ಳು, ಸಿಗ್ನಲ್ ಇಲ್ಲ ಎಂದದ್ದೂ ಸುಳ್ಳು. ಫೋನು ಹೊಡೆದುಕೊಳ್ಳುವುದನ್ನು ಮಂಚದ ಮೇಲೆ ಕೂತು ನೋಡುತ್ತಿದ್ದೆ. ನಿನ್ನ ಹೆಸರು ಬೆಳಗುತ್ತಿತ್ತು, ಆರುತ್ತಿತ್ತು. ಎತ್ತಿ ಏನು ಮಾಡಲಿ?

ನಾಲ್ಕು ವರ್ಷದಿಂದ ಸ್ವಲ್ಪ ಸ್ವಲ್ಪವೇ ಹೋಯಿತು. ಮೊದಲು ಹೋದದ್ದು ತೆಳ್ಳನೆಯ ಸದ್ದುಗಳು. ಸೈಕಲ್ ಬೆಲ್ಲು, ಕುಕ್ಕರಿನ ಸೀಟಿ, ಬೇರಿಂಗಿನ "ಗೊಂಯ್". ಆಮೇಲೆ ದಪ್ಪನೆಯವೂ ಹೋದವು. ಗ್ಯಾರೇಜಿನ ಗದ್ದಲದಲ್ಲಿ ಯಾರಿಗೂ ತಿಳಿಯಲಿಲ್ಲ. ಅಲ್ಲಿ ಎಲ್ಲರೂ "ಹಾಂ? ಏನು?" ಎನ್ನುವವರೇ ಅಲ್ಲವೇ. ಸ್ಕ್ರೂಡ್ರೈವರ್ ಹಿಡಿದು ಕೂರುತ್ತಿದ್ದೆ, ಹಿಡಿಯ ನಡುಕ ಕೆನ್ನೆಗೆ ಗೊತ್ತಾಗುತ್ತಿತ್ತು. ಉಳಿದದ್ದನ್ನು ನಿನ್ನ ಮುಖ ನೋಡಿ, ಗಾಡಿಯ ವಯಸ್ಸು ನೋಡಿ, ರೂಢಿಯ ಮೇಲೆ ಹೇಳುತ್ತಿದ್ದೆ. ಹತ್ತರಲ್ಲಿ ಒಂಬತ್ತು ಸರಿ ಹೋಗುತ್ತಿತ್ತು. ಅಮೀನಪ್ಪನದು ಹತ್ತನೆಯದು. ಕ್ಲಚ್ ಒತ್ತಿದಾಗ ನಡುಕ ನಿಂತಿತು, ಅಂಥದ್ದರಲ್ಲಿ ಹೆಚ್ಚಿನವು ಬೇರಿಂಗೇ ಆಗಿರುತ್ತವೆ, ಹೇಳಿಬಿಟ್ಟೆ. ನೀನು "ದಡ್ ದಡ್" ಎಂದು ಬರೆದದ್ದನ್ನು ಓದಿದಾಗ ನನ್ನ ತಪ್ಪು ಎಷ್ಟು ದೊಡ್ಡದು ಎಂದು ತಿಳಿಯಿತು. ಕಿವಿ ಇದ್ದ ಯಾರೇ ಆದರೂ ಅದನ್ನು ಬೇರಿಂಗ್ ಎನ್ನುತ್ತಿರಲಿಲ್ಲ.

ನಿನ್ನ ಮಾತಿಗೆ ಮುನಿದು ನಾನು ಬಂದೆ ಎಂದು ತಿಳಿದಿದ್ದೀಯ. ಆ ಮಾತೂ ನನಗೆ ಕೇಳಿಸಲಿಲ್ಲ. ತುಟಿ ನೋಡಿ ತಿಳಿದೆ. ಇಪ್ಪತ್ತಾರು ವರ್ಷ ನೋಡಿದ ಬಾಯಿ, ಓದುವುದು ಕಷ್ಟವಲ್ಲ. ನೀನು ಕೇಳಿದ್ದು ಸರಿಯಾದ ಪ್ರಶ್ನೆಯೇ. ಅಮೀನಪ್ಪನ ಎದುರಿಗೆ "ಇಲ್ಲ" ಎಂದು ಹೇಳಲು ನನಗೆ ನಾಚಿಕೆಯಾಯಿತು. ಸದ್ದು ಕೇಳದ ಮಿಸ್ತ್ರಿಯನ್ನು ಇಟ್ಟುಕೊಂಡು ನೀನಾದರೂ ಏನು ಮಾಡುತ್ತೀಯ?

ನಿನ್ನ ಕೊನೆಯ ಕಾಗದ ಬಂದ ಮೇಲೆ ಫೋನನ್ನು ಭಾಗವ್ವನ ಕೈಗೆ ಕೊಟ್ಟೆ. ಅವಳು ಕಿವಿಗೆ ಹಿಡಿದು ಕೂತಳು. ಸ್ವಲ್ಪ ಹೊತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಏನೆಂದು ಎಷ್ಟು ಕೇಳಿದರೂ ಹೇಳಲಿಲ್ಲ. ನನ್ನ ಗಲ್ಲ ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡು, ನಿಧಾನವಾಗಿ ಅಂದಳು: "ನಾ ಹೇಳಂಗಿಲ್ಲೋ ತಮ್ಮಾ. ಅಂವನ ಕಡೆಯಿಂದನ ಕೇಳ್ಕೋ. ಮೊದಲ ನಿನ್ನ ಖರೇ ಸಂಗತಿ ಅಂವಗ ಬರಿ."

ಬರೆದಿದ್ದೇನೆ. ಗದಗಿನ ಡಾಕ್ಟರು ಮಷೀನ್ ಹಾಕಿದರೆ ಬಲಗಿವಿಗೆ ಸ್ವಲ್ಪ ಬರಬಹುದು ಎಂದಿದ್ದಾರೆ. ಬಂದರೂ ಬೇರಿಂಗಿನ ಸದ್ದು ಬರುವುದಿಲ್ಲ. ನೀನು ಬರೆದ ಇಡ್ಲಿಯವನ ಕೂಗನ್ನು ಮಾತ್ರ ದಿನಾ ಒಂದು ಸಲ ಓದುತ್ತೇನೆ.

ಸೋಮಲಿಂಗಪ್ಪ


ಗೋವಿಂದರಾಜನಗರ
12 ಮಾರ್ಚ್ 2024

ಸೋಮಲಿಂಗ,

ಬರೆಯುವುದಿಲ್ಲ ಎಂದವನು ನಾನೇ, ಬರೆಯುತ್ತಿರುವವನೂ ನಾನೇ. ನನ್ನ ಮಾತಿಗೆ ಇರುವ ಬೆಲೆ ಅಷ್ಟು.

ಮೊನ್ನೆ ಭಾನುವಾರ ಮುನಿತಾಯಮ್ಮ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದಳು. ನಾನು ಎದುರಿಗೆ ಕೂತು ಎಂದಿನಂತೆ ನಿನ್ನನ್ನು ಬೈಯುತ್ತಿದ್ದೆ. ಮಾಮೂಲಿ ಸದ್ದು ಅಂದನಲ್ಲ, ಮಾಮೂಲಿ ಸದ್ದು ಅಂದನಲ್ಲ ಎಂದು. ಅವಳು ಕೈ ನಿಲ್ಲಿಸಿ, "ರೀ, ಅಣ್ಣಂಗೆ ನೀವು ಹೇಳಿದ್ದು ಕೇಳಿಸಿದ್ರೆ ಹಂಗೆ ಬರೀತಿದ್ರಾ? ಯೋಚ್ನೆ ಮಾಡಿ" ಅಂದಳು. ಆಮೇಲೆ ಒಂದೊಂದಾಗಿ ಹೇಳಿದಳು. ಹೋದ ವರ್ಷದಿಂದ ಕಾಫಿಗೆ ಕೂಗಿದರೆ ನೀನು ತಿರುಗುತ್ತಿರಲಿಲ್ಲವಂತೆ, ಲೋಟ ಕಣ್ಣ ಮುಂದೆ ಹಿಡಿಯಬೇಕಿತ್ತಂತೆ. ಯಾರೇ ಮಾತಾಡಲಿ, ನೀನು ಅವರ ಬಾಯಿಯನ್ನೇ ನೋಡುತ್ತಿದ್ದೆಯಂತೆ. ಗಿರಣಿ ಪಕ್ಕದಲ್ಲಿ ಕೂತು ಸದ್ದೇ ಇಲ್ಲ ಎಂದು ಬರೆದದ್ದು ಆಗ ನೆನಪಿಗೆ ಬಂತು. ಇಡ್ಲಿಯವನ ಕೂಗು ಬರೆ ಎಂದದ್ದು ನೆನಪಿಗೆ ಬಂತು. ಅಲ್ಲೇ ಕೂತು ಅತ್ತೆ. ಮುನಿತಾಯಮ್ಮ ಹುಣಸೆ ಕೈಯಲ್ಲೇ ನನ್ನ ತಲೆ ಸವರಿದಳು, ಕೂದಲೆಲ್ಲ ಅಂಟು.

ಎಂಟು ಗಂಟೆ ದಿನಾ ಜೊತೆಗಿದ್ದೂ ನನಗೆ ಗೊತ್ತಾಗಲಿಲ್ಲವಲ್ಲ, ನಾನೆಂಥ ಮನುಷ್ಯ?

ನಿನ್ನೆ ಗ್ಯಾರೇಜಿನಲ್ಲಿ ಎರಡೂ ಕಿವಿಗೆ ಹತ್ತಿ ತುರುಕಿಕೊಂಡು, ಮೇಲೆ ಟವಲು ಬಿಗಿದು, ನಿನ್ನ ಸ್ಕ್ರೂಡ್ರೈವರ್ ಹಿಡಿದು ಅಮೀನಪ್ಪನ ಗಾಡಿಗೆ ಕೂತೆ. ಏನೂ ಕೇಳಿಸಲಿಲ್ಲ, ಬರೀ ನಡುಕ. ಇದರಲ್ಲಿ ನೀನು ಇಷ್ಟು ಕಾಲ ಗಾಡಿಗಳನ್ನು ಸರಿಯಾಗಿ ಹೇಳುತ್ತಿದ್ದೆಯಾ? ಕಿವಿ ಇದ್ದ ಕಾಲಕ್ಕಿಂತ ಇದು ದೊಡ್ಡ ವಿದ್ಯೆ ಕಣಯ್ಯಾ.

ಈಗ ಬಾಯಲ್ಲಿ ಹೇಳಿದ್ದನ್ನು ಪೆನ್ನಿನಲ್ಲಿ ಹೇಳಬೇಕು. ಅಕ್ಷರ ಸೊಟ್ಟಗಿದ್ದರೆ ಓದಿಕೋ.

ಆ ದಿನ ಗೇರ್‌ಬಾಕ್ಸ್ ಇಳಿಸಿದಾಗ, ಒಳಗೆ ಕೈ ಹಾಕಿ ಫ್ಲೈವೀಲನ್ನು ಹಿಡಿದು ಅಲ್ಲಾಡಿಸಿದೆ. ಅಭ್ಯಾಸ ಬಲ. ಅದು ಅಲುಗಿತು, ಸೋಮಲಿಂಗ. ಕೂದಲೆಳೆಯಷ್ಟು, ಆದರೂ ಅಲುಗಿತು. ನನ್ನ ಕೈಗೆ ಚೆನ್ನಾಗಿ ಗೊತ್ತಾಯಿತು. ಬೋಲ್ಟು ನೋಡಬೇಕಾದರೆ ಕ್ಲಚ್ ಪೂರ್ತಿ ಬಿಚ್ಚಬೇಕು, ಇನ್ನೂ ಒಂದು ಗಂಟೆ ಕೆಲಸ. ಮಧ್ಯಾಹ್ನ ಮೂರಾಗಿತ್ತು, ಹೊಟ್ಟೆ ಹಸಿದಿತ್ತು. ಸೋಮಲಿಂಗ ಬೇರಿಂಗ್ ಅಂದಿದ್ದಾನೆ, ಅವನು ಹೇಳಿದ ಮೇಲೆ ಮುಗಿಯಿತು, ನಾನ್ಯಾಕೆ ತಲೆ ಹಾಕಲಿ ಎಂದು ನನಗೆ ನಾನೇ ಹೇಳಿಕೊಂಡು ಮುಚ್ಚಿಬಿಟ್ಟೆ. ನಮ್ಮ ಕಟ್ಟಳೆಯ ಹಿಂದೆ ಅಡಗಿಕೊಂಡೆ. ನೀನು ಕೇಳಿಸದೆ ಹೇಳಿದೆ. ನಾನು ಗೊತ್ತಿದ್ದೂ ಹೇಳಲಿಲ್ಲ. ಅಮೀನಪ್ಪ ಕಟ್ಟು ಹಾಕಿಸಿಕೊಂಡು ಬಂದು ನಿಂತಾಗ, ನನ್ನ ಕೈ ಮಾಡಿದ ತಪ್ಪು ಎಲ್ಲಿ ಬಯಲಾಗುತ್ತದೋ ಎಂದು ನಿನ್ನ ಕಿವಿಯ ಮೇಲೆ ಕೂಗಾಡಿದೆ. ಆರು ನಿಮಿಷದಲ್ಲಿ ಹೇಳಿದ್ದು ಇದು. ತಪ್ಪಾಯಿತು.

ಇವತ್ತು ಬೆಳಿಗ್ಗೆ ಅಮೀನಪ್ಪನಿಗೂ ಹೇಳಿದೆ, ನಿನ್ನ ವಿಷಯವಲ್ಲ, ನನ್ನ ಕೈಯ ವಿಷಯ. ಅವನು ಬಹಳ ಹೊತ್ತು ತನ್ನ ಮಣಿಕಟ್ಟನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ಆಮೇಲೆ, "ಮೂರು ತಿಂಗಳು ಇದನ್ನ ಹೊಟ್ಟೇಲಿಟ್ಕೊಂಡು ಓಡಾಡಿದ್ರಾ ಸಾರ್? ಅವ್ರನ್ನ ಕರೆಸ್ಕೊಳ್ಳಿ ಮೊದ್ಲು" ಅಂದ. ಗಾಡಿ ತೆಗೆದುಕೊಂಡು ಹೋಗಲಿಲ್ಲ. ನಮ್ಮ ಶಟರ್ ಮುಂದೆಯೇ ನಿಂತಿದೆ, ಅದರ ಮೇಲೆ ಬೇವಿನೆಲೆ ಉದುರಿ ಬಿದ್ದಿದೆ.

ಬಾ ಸೋಮಲಿಂಗ. ಸದ್ದು ನಾನು ಕೇಳಿ ನಿನಗೆ ಹೇಳುತ್ತೇನೆ, ಕಡಲೆಕಾಯಿಯೋ ಕಲ್ಲೋ ಎಂದು. ಅಂಗೈ ಇಟ್ಟು ನೀನು ನೋಡು. ಇಬ್ಬರೂ ಒಪ್ಪಿದ ಮೇಲೆಯೇ ಸ್ಪಾನರ್ ಮುಟ್ಟೋಣ. ಹಳೇ ಕಟ್ಟಳೆ ನನಗೆ ಬೇಡ. ಸ್ಟೂಲು ಅಟ್ಟದಿಂದ ಇಳಿಸಿ ಒರೆಸಿದ್ದೇನೆ. ನೀನಿಲ್ಲದೆ ನನಗೆ ಆಗುವುದಿಲ್ಲ. ಗ್ಯಾರೇಜಿಗೆ ಎಂದು ಬರೆಯಲು ಹೊರಟಿದ್ದೆ, ಅದು ಪೂರ್ತಿ ನಿಜವಲ್ಲ.

ಫೋನಿನಲ್ಲಿ ಕೊನೆಗೆ ಇನ್ನೊಂದು ಮಾತು ಅಂದಿದ್ದೆ. ಅದನ್ನು ಬರೆಯಲು ನಾಚಿಕೆ. ಬಿಡು.

ಹನುಮಂತಯ್ಯ


ಮುಂಡರಗಿ
18 ಮಾರ್ಚ್ 2024

ಪ್ರೀತಿಯ ಹನುಮಂತ,

ನನ್ನ ಕಾಗದ, ನಿನ್ನ ಕಾಗದ ಒಂದೇ ದಿನ ಹೊರಟು ದಾರಿಯಲ್ಲಿ ಎಲ್ಲೋ ಒಂದನ್ನೊಂದು ದಾಟಿವೆ. ನಾನು ಒಪ್ಪಿಕೊಳ್ಳುವ ಮೊದಲೇ ನೀನು ಕಿವಿಗೆ ಹತ್ತಿ ಇಟ್ಟುಕೊಂಡು ಕೂತಿದ್ದೆಯಲ್ಲ. ಟವಲು ಬಿಗಿದುಕೊಂಡ ನಿನ್ನ ಮುಖ ನೆನೆಸಿಕೊಂಡು ನಕ್ಕೆ, ಆಮೇಲೆ ಅಳು ಬಂತು.

ಫ್ಲೈವೀಲ್ ಅಲುಗಿದ ವಿಷಯ ಓದಿದೆ. ನಿನಗೆ ಹಸಿವಾದರೆ ಬುದ್ಧಿ ಇರುವುದಿಲ್ಲ ಎಂದು ನನಗೆ ಮೊದಲಿನಿಂದ ಗೊತ್ತು. ನಾನಾದರೂ ಬಂದು ಒಮ್ಮೆ ಕೈ ಹಾಕಿ ನೋಡಬಹುದಿತ್ತು. ಆ ಏರನ್ನು ಇಬ್ಬರೂ ಮರೆಯುವುದು ಬೇಡ. ಪ್ರತಿ ಗಾಡಿಗೂ ನೆನೆಸಿಕೊಳ್ಳೋಣ.

ಶನಿವಾರ ಸಂಜೆಯ ಬಸ್ಸಿಗೆ ಹೊರಡುತ್ತೇನೆ. ಭಾನುವಾರ, 24ನೇ ತಾರೀಖು, ಬೆಳಿಗ್ಗೆ ಆರೂವರೆಯ ಹೊತ್ತಿಗೆ ಗೊರಗುಂಟೆಪಾಳ್ಯದಲ್ಲಿ ಇಳಿಯುತ್ತೇನೆ. ಸ್ಕೂಟರ್ ತಾ. ಭಾಗವ್ವ ರೊಟ್ಟಿಯ ಗಂಟನ್ನು ಮುನಿತಾಯಮ್ಮನಿಗೆಂದು ಈಗಲೇ ಕಟ್ಟಲು ಶುರು ಮಾಡಿದ್ದಾಳೆ, ಭಾರವಿರುತ್ತದೆ. ಮನೆಗೆ ಆಮೇಲೆ ಹೋಗೋಣ. ಮೊದಲು ಅಮೀನಪ್ಪನ ಗಾಡಿಗೆ ಕೈ ಇಟ್ಟು ನೋಡುತ್ತೇನೆ. ಸರಿಯಿದ್ದರೆ ಅವತ್ತೇ ಅವನ ಕೈಗೆ ಕೀ ಕೊಡೋಣ. ಅವನಿಗೆ ನನ್ನ ಕಿವಿಯ ವಿಷಯ ನಾನೇ ಹೇಳುತ್ತೇನೆ.

ನಿನ್ನ ಕಾಗದವನ್ನು ಭಾಗವ್ವನಿಗೂ ಕೊಟ್ಟೆ. ಪೂರ್ತಿ ಓದಿ, ಹಾಳೆ ತಿರುಗಿಸಿ ಹಿಂಬದಿಯನ್ನೂ ನೋಡಿ, "ಒಂದ ಮಾತು ಬಿಟ್ಟಾನ" ಅಂದಳು. ಏನೆಂದು ಕೇಳಿದೆ. ಈ ಸಲ ಹೇಳಿದಳು. "ಕಡೀಕ ನಿನಗ ಅಣ್ಣಾ ಅಂದಾನ."

ಇಪ್ಪತ್ತಾರು ವರ್ಷ ಕಾದದ್ದು, ಕೊನೆಗೆ ನೀನು ಅಂದಾಗ ನನಗೆ ಕಿವಿ ಇರಲಿಲ್ಲ. ಅದಕ್ಕೇ ಗೊರಗುಂಟೆಪಾಳ್ಯದಲ್ಲಿ ದೂರದಿಂದ ಕೂಗಬೇಡ. ಹಿಂದಿನಿಂದ ಬಂದು ಕರೆಯಬೇಡ, ಹಾರ್ನ್ ಹೊಡೆಯಬೇಡ. ಎದುರಿಗೆ ಬಂದು ಬೆಳಕಿಗೆ ಮುಖ ಮಾಡಿ ನಿಂತು, ಇನ್ನೊಂದು ಸಲ ನಿಧಾನವಾಗಿ ಅನ್ನು. ನಾನು ನಿನ್ನ ಬಾಯಿ ನೋಡುತ್ತಿರುತ್ತೇನೆ.

ಸೋಮಲಿಂಗಪ್ಪ